ಜೂನ್‌ನಲ್ಲಿ ನಿಂತು ಆಗಸ್ಟ್‌ನಲ್ಲಿ ಮುಗಿದ ಆಟ

ಡ್ಯಾನಿ ಜಾನ್ಸೆನ್ ಒಂದೇ ಪಂದ್ಯದಲ್ಲಿ ಎರಡೂ ತಂಡಗಳ ಪರ ಆಡಿದವನು. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅವನಿಗಿಂತ ಮೊದಲು ಯಾರೂ ಹಾಗೆ ಆಡಿರಲಿಲ್ಲ. 2024ರ ಜೂನ್ 26ರ ಸಂಜೆ, ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ, ಅವನು ಟೊರಾಂಟೊ ಬ್ಲೂ ಜೇಸ್ ತಂಡದಲ್ಲಿದ್ದ. ಒಂಬತ್ತರಲ್ಲಿ ಎರಡನೇ ಇನ್ನಿಂಗ್ಸ್‌ನಲ್ಲಿ ಬ್ಯಾಟ್ ಹಿಡಿದು ಬಂದ. ಮೊದಲ ಎಸೆತವನ್ನು ಹೊಡೆದದ್ದು ಗೆರೆಯ ಹೊರಗೆ ಹೋಗಿ ಫೌಲ್ ಆಯಿತು, ಅಂದರೆ ಒಂದು ಸ್ಟ್ರೈಕ್; ಮೂರು ಸ್ಟ್ರೈಕ್ ಆದರೆ ಔಟ್. ಅಷ್ಟರಲ್ಲಿ ಮಳೆ. ಆಟ ನಿಂತಿತು. ತಿಂಗಳು ಕಳೆದ ಮೇಲೆ, ಜುಲೈ 27ರಂದು, ಬಾಸ್ಟನ್ ರೆಡ್ ಸಾಕ್ಸ್ ತಂಡ ಮೂವರು ಎಳೆಯ ಆಟಗಾರರನ್ನು ಕೊಟ್ಟು ಅವನನ್ನು ತೆಗೆದುಕೊಂಡಿತು. ಆಗಸ್ಟ್ 26ರಂದು ಅದೇ ಆಟ ನಿಂತ ಜಾಗದಿಂದಲೇ ಮತ್ತೆ ಶುರುವಾದಾಗ ಅವನು ರೆಡ್ ಸಾಕ್ಸ್ ಕ್ಯಾಚರ್, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು.

ಆ ಜೂನ್ ಸಂಜೆ ನಾನು, ನನ್ನ ಹೆಂಡತಿ, ಮಾವ ಮೂವರೂ ಫೆನ್‌ವೇಯಲ್ಲಿದ್ದೆವು. ಮಾವ ಶಿವಮೊಗ್ಗದಿಂದ ಬಂದಿದ್ದರು. ಕ್ರಿಕೆಟ್ ಅಂದರೆ ಅವರಿಗೆ ಪ್ರಾಣ. ನವುಲೆಯ ಮೈದಾನದಲ್ಲಿ ರಣಜಿ ಪಂದ್ಯ ನಡೆದರೆ ಬೆಳಿಗ್ಗೆಯೇ ಹೋಗಿ ಕೂರುವವರು. ಬೇಸ್‌ಬಾಲ್ ನೋಡಿದ್ದು ಮಾತ್ರ ಅದೇ ಮೊದಲು. ಈ ಬರಹ ಬರೆಯಬೇಕು ಅನ್ನಿಸಿದ್ದೇ ಅವರು ಅವತ್ತು ಕೇಳಿದ ಪ್ರಶ್ನೆಗಳಿಂದ. ನಾನು ಇಷ್ಟು ವರ್ಷ ಪ್ರೀತಿಯಿಂದ ನೋಡುತ್ತಾ ಬಂದಿರುವ ಆಟದಲ್ಲಿ ಮಳೆಯನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಅದರಲ್ಲಿ ಯಾವುದು ನ್ಯಾಯ, ಎಲ್ಲಿ ನ್ಯಾಯ ತಪ್ಪಿದೆ ಅಂತ ಬಿಡಿಸಿ ಯೋಚಿಸಿದ್ದು ಆಮೇಲೆ.

ಫೆನ್‌ವೇ ತುಂಬ ಹಳೆಯ ಮೈದಾನ. 1912ರ ಏಪ್ರಿಲ್ 20ರಂದು ಶುರುವಾಯಿತು. ಆ ಮೊದಲ ಪಂದ್ಯವೂ ಮಳೆಯಿಂದ ಮುಂದೆ ಹೋಗಿತ್ತು ಅನ್ನುವುದು ಇಲ್ಲಿನವರು ಇಷ್ಟಪಟ್ಟು ಹೇಳುವ ಕಥೆ. ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ ಇದೆ. ಅದರ ಕೆಳಗಿನ ಸ್ಕೋರ್‌ಬೋರ್ಡ್‌ನಲ್ಲಿ ಈಗಲೂ ಒಳಗೆ ನಿಂತ ಜನ ಕೈಯಲ್ಲೇ ಅಂಕಿ ಬದಲಾಯಿಸುತ್ತಾರೆ. ನಮ್ಮ ಜಾಗ ಗ್ರಾಂಡ್‌ಸ್ಟ್ಯಾಂಡ್‌ನಲ್ಲಿತ್ತು. ಹಳೆಯ ಮರದ ಕುರ್ಚಿಗಳು, ನಡುವೆ ಅಲ್ಲಲ್ಲಿ ಕಂಬಗಳು, ತಲೆ ಮೇಲೆ ಸೂರು. ಮಳೆ ಬರುವ ದಿನ ಕಂಬ ಅಡ್ಡ ಬಂದರೂ ಪರವಾಗಿಲ್ಲ, ಸೂರು ಸಿಕ್ಕರೆ ಸಾಕು. ಮಾವನಿಗೆ ಆ ಗೋಡೆ ಬಹಳ ಹಿಡಿಸಿತು. "ಇಷ್ಟು ಹತ್ತಿರ ಬೌಂಡ್ರಿ ಇಟ್ಟು ಗೋಡೆ ಎಬ್ಬಿಸಿದಾರಲ್ರೀ" ಅಂತ ನಗುತ್ತಾ ನೋಡುತ್ತಿದ್ದರು.

ಮಳೆ ಜೋರಾಯಿತು. ಅಂಪೈರ್ ಕೈ ಎತ್ತಿ ಆಟಗಾರರನ್ನು ಒಳಗೆ ಕಳಿಸಿದ. ಕೂಡಲೇ ಮೈದಾನದ ಹುಡುಗರು ಓಡಿ ಬಂದರು. ಉದ್ದನೆಯ ದಪ್ಪ ಉರುಳೆಗೆ ಸುತ್ತಿಟ್ಟ ಟಾರ್ಪಾಲನ್ನು ಉರುಳಿಸಿಕೊಂಡು ಬಂದು, ಸಾಲಾಗಿ ನಿಂತು, ಅಂಚು ಹಿಡಿದು ಎಳೆದರು. ಸುಮಾರು 170 ಅಡಿ ಉದ್ದ, ಅಷ್ಟೇ ಅಗಲದ ಹೊದಿಕೆ ಅದು. ಗಾಳಿ ಕೆಳಗೆ ನುಗ್ಗಿದರೆ ಮನುಷ್ಯರನ್ನೇ ಎತ್ತಿಬಿಡುತ್ತದೆ. ಅದಕ್ಕೆ ಒಬ್ಬರು ಕೂಗಿ ಹೇಳುತ್ತಿರಬೇಕು, ಉಳಿದವರು ಒಂದೇ ಹೆಜ್ಜೆಯಲ್ಲಿ ಓಡಬೇಕು. ನಾನು ಇದನ್ನು ಎಷ್ಟು ಸಲ ನೋಡಿದ್ದರೂ ಎದ್ದು ನಿಂತು ನೋಡುತ್ತೇನೆ. ಆಟದಷ್ಟೇ ಚೆಂದ ಈ ಕೆಲಸ. ಅಪಾಯವೂ ಇಲ್ಲದಿಲ್ಲ. 1985ರ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಯಂತ್ರದಿಂದ ತಾನೇ ಬಿಚ್ಚಿಕೊಳ್ಳುವ ಟಾರ್ಪಾಲ್ ಇತ್ತು. ಪಂದ್ಯಕ್ಕೆ ಮುಂಚೆ ಮೈದಾನದಲ್ಲಿದ್ದ ವಿನ್ಸ್ ಕೋಲ್ಮನ್ ಅನ್ನುವ ಆಟಗಾರನ ಕಾಲಿನ ಮೇಲೆ ಅದು ಹತ್ತಿತು. ಆ ವರ್ಷ 110 ಬೇಸ್ ಕದ್ದಿದ್ದ, ಅಂದರೆ ಯಾರೂ ಚೆಂಡು ಹೊಡೆಯದೆಯೇ ಓಡಿ ಮುಂದಿನ ಬೇಸ್ ಸೇರಿದ್ದ, ಗಾಳಿಯ ಹಾಗೆ ಓಡುವ ಹುಡುಗ. ಲೀಗ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಅವನಿಗೆ ತಪ್ಪಿಹೋಯಿತು.

ಹೊರಗೆ ಅಷ್ಟೇನೂ ಮಳೆ ಇಲ್ಲ ಅನ್ನಿಸಿದರೂ ಯಾಕೆ ಆಡುವುದಿಲ್ಲ ಅಂತ ಕೇಳುವವರಿದ್ದಾರೆ. ಚೆಂಡು ಎಸೆಯುವ ಪಿಚರ್ ನಿಲ್ಲುವ ದಿಬ್ಬದಿಂದ ಬ್ಯಾಟರ್‌ಗೆ ಇರುವ ದೂರ ಅರವತ್ತು ಅಡಿ, ಮೇಲೆ ಆರು ಇಂಚು. ಚೆಂಡು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ, ನೆಲಕ್ಕೆ ಬೀಳದೆ, ನೇರ ಬರುತ್ತದೆ. ಕೈ ಒದ್ದೆಯಾಗಿ ಬೆರಳು ಜಾರಿದರೆ ಅದು ಬ್ಯಾಟರ್‌ನ ತಲೆಗೇ ಬರಬಹುದು. ದಿಬ್ಬ ಜೇಡಿಮಣ್ಣಿನದು. ಒಂದೇ ಕಾಲಿನ ಮೇಲೆ ಇಡೀ ಮೈಭಾರ ಹಾಕಿ ಎಸೆಯುವವನಿಗೆ ಅದು ಕೆಸರಾದರೆ ಮಂಡಿಯೇ ಹೋಗುತ್ತದೆ. ತುಂತುರು ಮಳೆಯಲ್ಲಿ ಆಡುತ್ತಾರೆ, ಬೇಕಾದಷ್ಟು ಸಲ ಆಡಿದ್ದಾರೆ. ಮಣ್ಣು ಹಿಡಿತ ಬಿಟ್ಟ ಮೇಲೆ ಆಡುವುದಿಲ್ಲ.

ಮಾವ ಸ್ವಲ್ಪ ಹೊತ್ತು ಟಾರ್ಪಾಲನ್ನೇ ನೋಡಿ ಕೇಳಿದರು. "ಅಲ್ರೀ, ಇವರು ಓವರ್ ಕಮ್ಮಿ ಮಾಡಲ್ವಾ?"

"ಇಲ್ಲ ಮಾವ. ಕಮ್ಮಿ ಮಾಡೋ ಲೆಕ್ಕ ಇಲ್ಲಿಲ್ಲ. ಕಾಯ್ತಾರೆ. ಆಗಲೇ ಇಲ್ಲ ಅಂದ್ರೆ ಇನ್ನೊಂದು ದಿನ ಇಲ್ಲಿಂದಲೇ ಆಡ್ತಾರೆ."

"ಇಲ್ಲಿಂದಲೇ ಅಂದ್ರೆ?"

"ಅವನು ಒಂದು ಬಾಲ್ ಆಡಿದಾನಲ್ಲ, ಅವನ ಎರಡನೇ ಬಾಲಿಂದ."

ಅದು ಅವರಿಗೆ ತುಂಬ ಹಿಡಿಸಿತು. ಡಕ್‌ವರ್ತ್ ಲೂಯಿಸ್ ಇಲ್ಲ, ಗುರಿ ಬದಲಾಗುವುದಿಲ್ಲ, ಯಾರೋ ಕಂಪ್ಯೂಟರ್ ಮುಂದೆ ಕೂತು ಹೊಸ ಅಂಕಿ ತೆಗೆದುಕೊಡುವುದಿಲ್ಲ. ಕ್ರಿಕೆಟ್‌ನಲ್ಲಿ ಆ ಲೆಕ್ಕ ಬೇಕೇ ಬೇಕು, ಅದನ್ನು ಮಾಡಿದವರು ಬುದ್ಧಿವಂತರು. ಆದರೂ ಅದು ಆಡದೇ ಇದ್ದ ಓವರುಗಳಲ್ಲಿ ಏನಾಗುತ್ತಿತ್ತು ಅಂತ ಮಾಡುವ ಅಂದಾಜು. ಬೇಸ್‌ಬಾಲ್‌ನಲ್ಲಿ ಆ ಅಂದಾಜಿಗೆ ಜಾಗ ಕೊಟ್ಟಿಲ್ಲ. ಒಂದು ತಂಡಕ್ಕೆ ಒಂಬತ್ತು ಇನ್ನಿಂಗ್ಸ್, ಇನ್ನಿಂಗ್ಸ್‌ಗೆ ಮೂರು ಔಟ್, ಒಟ್ಟು 27. ಆ 27 ಔಟ್‌ಗಳು ತಂಡದ ಆಸ್ತಿ. ಮಳೆ ಅದನ್ನು ಮುಂದೆ ಹಾಕಬಹುದು, ಕಿತ್ತುಕೊಳ್ಳಬಾರದು. ನಾನು ಈ ಆಟವನ್ನು ಹಚ್ಚಿಕೊಂಡಿದ್ದೇ ಈ ಒಂದು ವಿಚಾರಕ್ಕೆ.

ಮಾವ ಕೂಡಲೇ 2019ರ ವಿಶ್ವಕಪ್ ಸೆಮಿಫೈನಲ್ ನೆನಪು ಮಾಡಿಕೊಂಡರು. ಓಲ್ಡ್ ಟ್ರಾಫರ್ಡ್, ಜುಲೈ 9. ನ್ಯೂಜಿಲೆಂಡ್ 46.1 ಓವರಿಗೆ 5 ವಿಕೆಟ್‌ಗೆ 211 ಆಗಿದ್ದಾಗ ಮಳೆ ಬಂತು. ಮಾರನೇ ದಿನ ಉಳಿದ 23 ಎಸೆತ ಆಡಿ 239 ಮಾಡಿದರು. ನಮ್ಮವರು 18 ರನ್‌ಗಳಿಂದ ಸೋತರು. "ಅವತ್ತು ರಾತ್ರಿ ನಿದ್ದೆ ಬಂದಿರಲಿಲ್ಲ" ಅಂದರು ಮಾವ. ಕ್ರಿಕೆಟ್‌ನ ಮೀಸಲು ದಿನ ಇದಕ್ಕೆ ಬಹಳ ಹತ್ತಿರದ್ದು. ಆದರೆ ಅದು ದೊಡ್ಡ ಟೂರ್ನಿಯ ದೊಡ್ಡ ಪಂದ್ಯಕ್ಕೆ ಮಾತ್ರ ಸಿಗುವ ಮರ್ಯಾದೆ. ಇಲ್ಲಿ ವರ್ಷಕ್ಕೆ 162 ಪಂದ್ಯ ಆಡುವ ಲೀಗ್‌ನಲ್ಲಿ, ಜೂನ್ ತಿಂಗಳ ಒಂದು ಬುಧವಾರದ ಪಂದ್ಯಕ್ಕೂ ಅದೇ ಮರ್ಯಾದೆ.

ತುಂಬ ಹೊತ್ತು ಕಾದೆವು. ಜನ ಸೂರಿನ ಕೆಳಗೆ ಒತ್ತಿಕೊಂಡು ನಿಂತಿದ್ದರು. ಪಕ್ಕದಲ್ಲಿ ಒಬ್ಬ ಅಜ್ಜ ಪೆನ್ಸಿಲ್ ಹಿಡಿದು ಸ್ಕೋರ್ ಬರೆಯುತ್ತಿದ್ದರು. ಮಾವ ಅವರ ಪುಸ್ತಕ ಇಣುಕಿ ನೋಡಿದರು, ಅವರು ಪ್ರೀತಿಯಿಂದ ಒಂದೊಂದು ಗುರುತನ್ನೂ ವಿವರಿಸಿದರು. ಮಾವನ ಇಂಗ್ಲಿಷೂ ಅವರ ಬಾಸ್ಟನ್ ಉಚ್ಚಾರಣೆಯೂ ಹೇಗೋ ಹೊಂದಿಕೊಂಡವು. ನಿಯಮದ ಪುಸ್ತಕದ ಪ್ರಕಾರ ಅಂಪೈರ್ ಕನಿಷ್ಠ 30 ನಿಮಿಷ ಕಾಯದೆ ಆಟ ಮುಗಿಯಿತು ಅನ್ನುವಂತಿಲ್ಲ. ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತಾರೆ. ಅವತ್ತು ಮಳೆ ಬಿಡಲಿಲ್ಲ. ಕೊನೆಗೆ ಘೋಷಣೆ ಬಂತು, ಆಟ ತಡೆಹಿಡಿಯಲಾಗಿದೆ. ಅಜ್ಜ ಪುಸ್ತಕ ಮುಚ್ಚಲಿಲ್ಲ. ಜಾನ್ಸೆನ್‌ನ ಚೌಕದಲ್ಲಿ ಒಂದು ಸ್ಟ್ರೈಕ್ ಗುರುತು ಹಾಕಿ, ಪಕ್ಕದಲ್ಲಿ ಮಳೆ ಅಂತ ಬರೆದು, ಆ ಪುಟಕ್ಕೆ ಟಿಕೆಟ್ ಸಿಕ್ಕಿಸಿ ಎದ್ದರು.

ಈ ನಿಯಮ ಮೊದಲು ಹೀಗಿರಲಿಲ್ಲ. ಬಹಳ ಕಾಲ, ಐದು ಇನ್ನಿಂಗ್ಸ್ ಮುಗಿಯುವ ಮೊದಲು ಮಳೆ ಬಂದರೆ ಆ ಆಟವೇ ಇಲ್ಲ ಅಂತ ಲೆಕ್ಕ. ಹೊಡೆದ ರನ್, ಪಡೆದ ಔಟ್, ಎಲ್ಲ ಅಳಿಸಿಹೋಗುತ್ತಿತ್ತು. ಮುಂದೆ ಯಾವತ್ತೋ ಮೊದಲಿನಿಂದ ಆಡಬೇಕು. 1961 ಅಂದರೆ ರೋಜರ್ ಮ್ಯಾರಿಸ್ ಬೇಬ್ ರೂತ್‌ನ 60 ಹೋಮ್ ರನ್‌ಗಳ ದಾಖಲೆಯನ್ನು ಬೆನ್ನು ಹತ್ತಿದ್ದ ವರ್ಷ. ಜುಲೈ 17ರಂದು ಬಾಲ್ಟಿಮೋರ್‌ನಲ್ಲಿ ಅವನು ಒಂದು ಹೋಮ್ ರನ್ ಹೊಡೆದ. ಜೊತೆಗಾರ ಮಿಕ್ಕಿ ಮ್ಯಾಂಟಲ್ ಕೂಡ ಒಂದು ಹೊಡೆದ. ಆಮೇಲೆ ಮಳೆ ಬಂದು ಆ ಆಟವೇ ರದ್ದಾಯಿತು, ಎರಡೂ ಹೋಮ್ ರನ್ ಹೋದವು. ವರ್ಷದ ಕೊನೆಗೆ ಮ್ಯಾರಿಸ್‌ನ ಲೆಕ್ಕ 61ಕ್ಕೆ ನಿಂತಿತು. ಚೆಂಡು ಗೋಡೆ ದಾಟಿ ಬಿದ್ದದ್ದನ್ನು ಸಾವಿರಾರು ಜನ ಕಣ್ಣಾರೆ ಕಂಡಿದ್ದಾರೆ. ಆದರೂ ಅದು ನಡೆದೇ ಇಲ್ಲ ಅಂತ ದಾಖಲೆ. ಇದು ನನಗೆ ಇವತ್ತಿಗೂ ಸಂಕಟ ಕೊಡುವ ವಿಷಯ. 2020ರಿಂದ ಮೇಜರ್ ಲೀಗ್‌ನಲ್ಲಿ ಹಾಗೆ ಅಳಿಸುವುದನ್ನು ಬಿಟ್ಟರು. ಒಂದೇ ಎಸೆತ ಆಗಿದ್ದರೂ ಸರಿ, ಅಲ್ಲಿಂದಲೇ ಮುಂದುವರಿಕೆ. ಆ ಜೂನ್ ಸಂಜೆ ಮಾವ ನೋಡಿದ್ದು ಆ ಹೊಸ ನಿಯಮದ ಫಲ. ಹಳೆಯ ಕಾಲವಾಗಿದ್ದರೆ ಜಾನ್ಸೆನ್‌ನ ಕಥೆಯೂ ಇರುತ್ತಿರಲಿಲ್ಲ.

ಮಳೆ ನಿಯಮವನ್ನು ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟು ಕಲಿತವರು ಫಿಲಡೆಲ್ಫಿಯಾದವರು. 2008ರ ವರ್ಲ್ಡ್ ಸೀರೀಸ್, ಐದನೇ ಪಂದ್ಯ, ಅಕ್ಟೋಬರ್ 27. ಅವರ ತಂಡ ಫಿಲೀಸ್ ಇನ್ನೊಂದು ಗೆದ್ದರೆ 1980ರ ನಂತರ ಮೊದಲ ಕಪ್. ಐದು ಇನ್ನಿಂಗ್ಸ್ ಆದಾಗ ಅವರು ಟ್ಯಾಂಪಾ ಬೇ ರೇಸ್ ಮೇಲೆ 2-1 ಮುಂದಿದ್ದರು. ಮಳೆ ಹುಯ್ಯುತ್ತಲೇ ಇತ್ತು. ನಿಯಮದ ಪುಸ್ತಕ ಹಿಡಿದರೆ ಅಲ್ಲಿಗೇ ಪಂದ್ಯ ಮುಗಿಸಿ ಕಪ್ ಕೊಡಬಹುದಿತ್ತು. ಆರನೇ ಇನ್ನಿಂಗ್ಸ್‌ನಲ್ಲಿ ಎರಡು ಔಟ್ ಆದ ಮೇಲೆ ರೇಸ್‌ನ ಬಿ.ಜೆ. ಅಪ್ಟನ್ ಆ ಕೆಸರಿನಲ್ಲೂ ಎರಡನೇ ಬೇಸ್ ಕದ್ದ. ಕಾರ್ಲೋಸ್ ಪೆನ್ಯಾ ಹೊಡೆದ ಹೊಡೆತಕ್ಕೆ ಓಡಿ ಬಂದು 2-2 ಮಾಡಿದ. ಅಲ್ಲಿಗೆ ಆಟ ನಿಲ್ಲಿಸಿದರು. ವರ್ಲ್ಡ್ ಸೀರೀಸ್‌ನ ಒಂದು ಪಂದ್ಯವನ್ನು ಅರ್ಧಕ್ಕೆ ತಡೆಹಿಡಿದದ್ದು ಅದೇ ಮೊದಲು. ಕಮಿಷನರ್ ಬಡ್ ಸೀಲಿಗ್ ಆಮೇಲೆ ಹೇಳಿದ್ದು ಇಷ್ಟು: ಸ್ಕೋರ್ ಸಮ ಆಗದಿದ್ದರೂ ಐದು ಇನ್ನಿಂಗ್ಸ್‌ಗೆ ವರ್ಲ್ಡ್ ಸೀರೀಸ್ ಮುಗಿಸಲು ತಾನು ಬಿಡುತ್ತಿರಲಿಲ್ಲ. ಪುಸ್ತಕದಲ್ಲಿ ಇಲ್ಲದ ಮಾತು ಅದು. ಆದರೆ ಸರಿಯಾದ ಮಾತು.

ಎರಡು ದಿನ ಬಿಟ್ಟು, 29ರ ರಾತ್ರಿ, ಆರನೇ ಇನ್ನಿಂಗ್ಸ್‌ನ ಕೆಳ ಅರ್ಧದಿಂದ, ಅಂದರೆ ಮನೆಯ ತಂಡವಾದ ಫಿಲೀಸ್ ಬ್ಯಾಟ್ ಮಾಡುವ ಭಾಗದಿಂದ, ಆಟ ಶುರುವಾಯಿತು. ಮೊದಲು ಬ್ಯಾಟ್ ಮಾಡಬೇಕಿದ್ದವನು ಪಿಚರ್ ಕೋಲ್ ಹ್ಯಾಮಲ್ಸ್. ಆ ಸೀರೀಸ್‌ನ ಅತ್ಯುತ್ತಮ ಆಟಗಾರ ಅವನೇ. ಆದರೆ ಎರಡು ದಿನದ ಹಿಂದೆ ಅಷ್ಟು ಎಸೆದ ಕೈ ಮತ್ತೆ ಎಸೆಯಲು ತಯಾರಿರಲಿಲ್ಲ. ನಿಲ್ಲಿಸಿ ಮುಂದುವರಿಸುವುದಕ್ಕೂ ಒಂದು ಬೆಲೆ ಇದೆ ಅನ್ನುವುದು ಇಲ್ಲಿ ಕಾಣುತ್ತದೆ. ಬ್ಯಾಟಿಂಗ್ ಸಾಲು ಹಾಗೇ ಇರುತ್ತದೆ, ಸ್ಕೋರ್ ಹಾಗೇ ಇರುತ್ತದೆ, ಮನುಷ್ಯನ ಭುಜ ಹಾಗೇ ಇರುವುದಿಲ್ಲ. ಅವನ ಬದಲು ಬಂದ ಜೆಫ್ ಜೆಂಕಿನ್ಸ್ ಮೊದಲೇ ಒಂದು ಡಬಲ್ ಹೊಡೆದು ಎರಡನೇ ಬೇಸ್ ಸೇರಿದ. ಜೇಸನ್ ವರ್ತ್ ಹೊಡೆತಕ್ಕೆ ಅವನು ಓಡಿ ಬಂದು ರನ್ ಮಾಡಿದ, 3-2. ರೇಸ್‌ನ ರೋಕೋ ಬಾಲ್ಡೆಲ್ಲಿಯ ಹೋಮ್ ರನ್, 3-3. ಫಿಲೀಸ್‌ನ ಪೆಡ್ರೋ ಫೆಲಿಸ್ ಹೊಡೆತ, 4-3. ಕೊನೆಗೆ ಫಿಲೀಸ್ ಪಿಚರ್ ಬ್ರಾಡ್ ಲಿಜ್ ಎರಿಕ್ ಹಿನ್ಸ್ಕಿಯನ್ನು ಔಟ್ ಮಾಡಿ ಮಂಡಿಯೂರಿದ. ಮೂರು ಇನ್ನಿಂಗ್ಸ್‌ನಷ್ಟು ಆಟದಲ್ಲಿ ಇಷ್ಟೆಲ್ಲ ಇತ್ತು. ಮಳೆಯ ಮೇಲೆ ಹಾಕಿ ಬಿಟ್ಟಿದ್ದರೆ ಇದರಲ್ಲಿ ಒಂದೂ ಆಗುತ್ತಿರಲಿಲ್ಲ. 2009ರ ಜನವರಿಯಲ್ಲಿ ನಿಯಮವನ್ನೇ ತಿದ್ದಿದರು. ಕಪ್‌ಗಾಗಿ ಅಕ್ಟೋಬರ್‌ನಲ್ಲಿ ಆಡುವ ಪ್ಲೇಆಫ್ ಪಂದ್ಯಗಳೆಲ್ಲ ಪೂರ್ತಿ ಆಡಿಯೇ ಮುಗಿಯಬೇಕು.

ಮುಂದುವರಿದ ಆಟದ ಅಂಕಿಗಳೆಲ್ಲ ಮೊದಲು ಶುರುವಾದ ತಾರೀಖಿಗೇ ಸೇರುತ್ತವೆ. ಇದರಿಂದ ವಿಚಿತ್ರಗಳು ಹುಟ್ಟುತ್ತವೆ. ಹುವಾನ್ ಸೋಟೊ ವಾಷಿಂಗ್ಟನ್ ಪರ ಮೊದಲ ಪಂದ್ಯ ಆಡಿದ್ದು 2018ರ ಮೇ 20ರಂದು, 19ನೇ ವಯಸ್ಸಿನಲ್ಲಿ. ಮೇ 15ರಂದು ಯಾಂಕೀಸ್ ಜೊತೆ ಮಳೆಯಿಂದ ನಿಂತಿದ್ದ ಪಂದ್ಯ ಜೂನ್ 18ರಂದು ಮುಂದುವರಿಯಿತು. ಸೋಟೊ ಬದಲಿ ಬ್ಯಾಟರ್ ಆಗಿ ಬಂದು ಹೋಮ್ ರನ್ ಹೊಡೆದು ಗೆಲ್ಲಿಸಿದ. ದಾಖಲೆಯಲ್ಲಿ ಆ ಹೋಮ್ ರನ್‌ನ ತಾರೀಖು ಮೇ 15. ಅವನು ಲೀಗ್‌ಗೆ ಕಾಲಿಡುವುದಕ್ಕೂ ಐದು ದಿನ ಮೊದಲು! ಆಟ ನಿಂತ ದಿನ ತಂಡದಲ್ಲಿ ಇಲ್ಲದವನೂ ಮುಂದುವರಿಕೆಯಲ್ಲಿ ಆಡಬಹುದು. ಆದರೆ ಆವತ್ತೇ ಆಟದಿಂದ ಹೊರಗೆ ತೆಗೆದವನು ಮತ್ತೆ ಬರುವ ಹಾಗಿಲ್ಲ. ಜಾನ್ಸೆನ್‌ಗೆ ದಾರಿ ಆದದ್ದು ಇದೇ.

ಆಗಸ್ಟ್ 26 ಸೋಮವಾರ. ಬ್ಲೂ ಜೇಸ್ ಮತ್ತೆ ಬಾಸ್ಟನ್‌ಗೆ ಬಂದಿತ್ತು. ಮಧ್ಯಾಹ್ನ ಉಳಿದ ಆಟ, ರಾತ್ರಿ ಆ ದಿನದ ಮಾಮೂಲು ಪಂದ್ಯ. ಮಾವ ಅಷ್ಟರಲ್ಲಿ ಊರಿಗೆ ಹೋಗಿದ್ದರು. ಶಿವಮೊಗ್ಗದಲ್ಲಿ ಆಗ ನಡುರಾತ್ರಿ ಹತ್ತಿರ. ಎದ್ದೇ ಇದ್ದರು. ನಾನು ಟಿವಿ ಮುಂದೆ ಕೂತು ಫೋನ್ ಮಾಡಿದೆ.

"ಅವನು ಎಲ್ಲಿದಾನ್ರೀ ಈಗ?" ಅಂದರು.

"ಬ್ಯಾಟ್ಸ್‌ಮನ್ ಹಿಂದೆ ಕೂತಿದಾನೆ ಮಾವ."

ಅವನ ಬದಲು ಬ್ಲೂ ಜೇಸ್ ಪರ ಬ್ಯಾಟ್ ಹಿಡಿದು ಬಂದದ್ದು ಡಾಲ್ಟನ್ ವಾರ್ಶೋ. ಜೂನ್‌ನ ಆ ಒಂದು ಸ್ಟ್ರೈಕ್ ಇನ್ನೂ ಲೆಕ್ಕದಲ್ಲಿತ್ತು. ವಾರ್ಶೋ ಸ್ಟ್ರೈಕ್ ಔಟ್ ಆದ. ತಾನು ಶುರು ಮಾಡಿದ ಬ್ಯಾಟಿಂಗ್ ಮುಗಿದದ್ದನ್ನು ಜಾನ್ಸೆನ್ ಹಿಂದೆ ಕೂತು ನೋಡಿದ. ಮಾವ ಅಲ್ಲಿಂದ ಜೋರಾಗಿ ನಕ್ಕರು, ಅತ್ತೆ ಎದ್ದು ಬಂದು ಏನಾಯ್ತು ಅಂತ ಕೇಳಿದ್ದು ನನಗೂ ಕೇಳಿಸಿತು. 2013ರಲ್ಲಿ ಆಯ್ಕೆ ಮಾಡಿ ಬೆಳೆಸಿದ ತಂಡದ ವಿರುದ್ಧ, ಆ ತಂಡದ ಪರವೇ ಶುರು ಮಾಡಿದ ಆಟದಲ್ಲಿ ಅವನು ಆಡುತ್ತಿದ್ದ. ಬ್ಲೂ ಜೇಸ್ 4-1ರಿಂದ ಗೆದ್ದಿತು. ಆ ಪಂದ್ಯದ ಅಂಕಪಟ್ಟಿಯಲ್ಲಿ ಎರಡೂ ಕಡೆ ಅವನ ಹೆಸರಿದೆ, ತಾರೀಖು ಜೂನ್ 26.

ಬಾಸ್ಟನ್‌ಗೆ ಹತ್ತಿರದ ಪಟಕೆಟ್ ಊರಿನಲ್ಲಿ ಇದಕ್ಕಿಂತ ದೊಡ್ಡ ಕಥೆ ಇದೆ, ಮಳೆಯದ್ದಲ್ಲದಿದ್ದರೂ. 1981ರ ಏಪ್ರಿಲ್ 18ರ ರಾತ್ರಿ ಪಟಕೆಟ್ ಮತ್ತು ರೋಚೆಸ್ಟರ್ ತಂಡಗಳು ಆಡಿದ್ದು 32 ಇನ್ನಿಂಗ್ಸ್. ಬೆಳಗಿನ ಜಾವ ನಾಲ್ಕು ದಾಟಿದ ಮೇಲೆ, 2-2 ಇರುವಾಗ, ನಿಲ್ಲಿಸಿದರು. ಆ ಚಳಿಯಲ್ಲಿ ಕೊನೆಗೆ ಉಳಿದಿದ್ದ ಪ್ರೇಕ್ಷಕರು 19 ಜನ. ಜೂನ್ 23ರಂದು ಮುಂದುವರಿಸಿದಾಗ 33ನೇ ಇನ್ನಿಂಗ್ಸ್ 18 ನಿಮಿಷದಲ್ಲಿ ಮುಗಿದುಹೋಯಿತು. ಹದಿನೆಂಟು ನಿಮಿಷಕ್ಕಾಗಿ ಎಲ್ಲರನ್ನೂ ಮತ್ತೆ ಸೇರಿಸಿದರು. ಉಳಿದದ್ದು ಎಷ್ಟೇ ಚಿಕ್ಕದಿರಲಿ, ಅದನ್ನು ಆಡಬೇಕು ಅನ್ನುವ ಹಟ ಅದು.

ಈ ಹಟ ಇನ್ನೂ ಒಂದು ಕಡೆ ಸಡಿಲವಾಗಿದೆ, ಅದೇ ನನ್ನ ತಕರಾರು. ಲೀಗ್ ಪಂದ್ಯಗಳಲ್ಲಿ ಐದು ಇನ್ನಿಂಗ್ಸ್ ಆಗಿ ಒಂದು ತಂಡ ಮುಂದಿದ್ದರೆ, ಮನೆಯ ತಂಡ ಮುಂದಿದ್ದರೆ ನಾಲ್ಕೂವರೆಯೇ ಸಾಕು, ಮಳೆ ಬಂದಾಗ ಪಂದ್ಯ ಅಲ್ಲಿಗೇ ಮುಗಿಯಬಹುದು. ಹಿಂದಿದ್ದ ತಂಡಕ್ಕೆ ಹನ್ನೆರಡು ಔಟ್ ನಷ್ಟ. ಸ್ಕೋರ್ ಸಮ ಇದ್ದರೆ ಮುಂದೆ ಹಾಕುತ್ತಾರೆ. ಬಂದ ತಂಡ ಇನ್ನಿಂಗ್ಸ್ ನಡುವೆ ಮುಂದೆ ಹೋಗಿ, ಮನೆಯ ತಂಡಕ್ಕೆ ಉತ್ತರ ಕೊಡಲು ಆಗದಿದ್ದರೂ ಮುಂದೆ ಹಾಕುತ್ತಾರೆ. ಅಂದರೆ ಉಳಿದ ಔಟ್‌ಗಳಿಗೆ ಬೆಲೆ ಇದೆ ಅಂತ ನಿಯಮಕ್ಕೇ ಗೊತ್ತು. ಹಾಗಿದ್ದ ಮೇಲೆ 1-0 ಹಿಂದಿರುವ ತಂಡದ ಹನ್ನೆರಡು ಔಟ್ ಯಾಕೆ ಲೆಕ್ಕಕ್ಕಿಲ್ಲ? ಫಿಲಡೆಲ್ಫಿಯಾದಲ್ಲಿ ಅಪ್ಟನ್ ಓಡಿ ಬರುವ ಮುಂಚೆಯೇ ಅಂಪೈರ್ ಆಟ ನಿಲ್ಲಿಸಿದ್ದರೆ ಏನಾಗುತ್ತಿತ್ತು ಅಂತ ಇಡೀ ದೇಶ ಗಾಬರಿಪಟ್ಟಿತ್ತಲ್ಲ. ಅದೇ ಗಾಬರಿ ಮೇ ತಿಂಗಳ ಪಂದ್ಯದಲ್ಲೂ ನ್ಯಾಯವೇ. ಮೇನಲ್ಲಿ ಸೋತ ಒಂದು ಪಂದ್ಯದಿಂದ ಅಕ್ಟೋಬರ್‌ಗೆ ಹೋಗುವ ಅವಕಾಶ ತಪ್ಪಿದ ತಂಡಗಳು ಇದ್ದೇ ಇವೆ.

ವೇಳಾಪಟ್ಟಿ ಮಾಡುವವರಿಗೆ ಇದು ಕಷ್ಟ, ಒಪ್ಪುತ್ತೇನೆ. ಆರು ತಿಂಗಳಲ್ಲಿ 162 ಪಂದ್ಯ, ರಜೆ ಬೆರಳೆಣಿಕೆ. ಪಿಚರ್‌ಗಳ ಕೈ ನೋಡಿಕೊಳ್ಳಬೇಕು. ದೂರದ ತಂಡ ಆ ಊರಿಗೆ ವರ್ಷಕ್ಕೆ ಒಂದೇ ಸಲ ಬರುತ್ತದೆ. ಆದರೆ ಅದಕ್ಕೂ ಪುಸ್ತಕದಲ್ಲಿ ದಾರಿ ಇದೆ. ಅದೇ ಊರಿನಲ್ಲಿ ಮತ್ತೆ ಪಂದ್ಯ ಇಲ್ಲದಿದ್ದರೆ ಉಳಿದ ಆಟವನ್ನು ಎದುರು ತಂಡದ ಊರಿನಲ್ಲಿ ಮುಗಿಸಬಹುದು. ಅಲ್ಲೂ ಮೊದಲಿನ ಮನೆಯ ತಂಡವೇ ಕೊನೆಗೆ ಬ್ಯಾಟ್ ಮಾಡುತ್ತದೆ. ಸಮ ಸ್ಕೋರಿನ ಪಂದ್ಯಗಳಿಗೆ ಈಗಾಗಲೇ ಮಾಡುತ್ತಿರುವುದನ್ನು 1-0 ಪಂದ್ಯಗಳಿಗೂ ಮಾಡಲಿ. ನಾನು ಕೇಳುತ್ತಿರುವುದು ಅಷ್ಟೇ.